ಬೀದಿ ಬೆಕ್ಕು: ಒಂದು ಓಣಿ ಪೂರ್ತಿ ಮುಗಿಯಲಿ, ಆಮೇಲೆ ಮುಂದಿನದು

ಬೆಕ್ಕುಗಳು ಹೆಚ್ಚಾದಾಗ ಅಪಾರ್ಟ್‌ಮೆಂಟ್ ಸಂಘದವರು ಪಶುವೈದ್ಯರನ್ನು ಕೇಳುವ ಮೊದಲ ಪ್ರಶ್ನೆ, ‘ಹಿಡಿದು ದೂರ ಬಿಟ್ಟು ಬರಬಹುದಲ್ಲ?’ ಎಂಬುದು. ಹಾಗೆ ಮಾಡಬೇಡಿ. ಬೆಕ್ಕು ಜಾಗವನ್ನು ನೆಚ್ಚಿ ಬದುಕುವ ಪ್ರಾಣಿ. ಗುರುತಿಲ್ಲದ ಕಡೆ ಬಿಟ್ಟರೆ ತಿನ್ನಲು ಸಿಗುವ ಜಾಗ ತಿಳಿಯದೆ, ಅಲ್ಲಿನ ನಾಯಿಗಳ ಬಾಯಿಗೆ ಸಿಕ್ಕಿ, ಇಲ್ಲವೇ ಹಳೆಯ ಜಾಗ ಹುಡುಕಿಕೊಂಡು ಹೊರಟು ರಸ್ತೆಯಲ್ಲಿ ಸಾಯುತ್ತದೆ. ಇತ್ತ ಕಸದ ರಾಶಿ, ಮೀನಿನಂಗಡಿ, ಇಲಿಗಳು ಹಾಗೇ ಇರುವುದರಿಂದ ಪಕ್ಕದ ಓಣಿಯ ಬೆಕ್ಕುಗಳು ಖಾಲಿ ಜಾಗಕ್ಕೆ ಬಂದು ಸೇರುತ್ತವೆ. ವಿಷ ಹಾಕುವುದಂತೂ ಭಾರತೀಯ ನ್ಯಾಯ ಸಂಹಿತೆಯ 325ನೇ ಕಲಮಿನಡಿ ಅಪರಾಧ.

ಉಳಿಯುವ ದಾರಿ ಒಂದೇ: ಹಿಡಿದು, ಸಂತಾನಹರಣ ಶಸ್ತ್ರಚಿಕಿತ್ಸೆ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗದಲ್ಲೇ ಬಿಡುವುದು. ಇದು ಬಹುತೇಕರಿಗೆ ಗೊತ್ತು. ಸೋಲುವುದು ಅರ್ಧಕ್ಕೆ ನಿಲ್ಲಿಸುವುದರಿಂದ. ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು. ಗರ್ಭದ ಅವಧಿ ಸುಮಾರು 9 ವಾರ. ಮರಿಗಳು ಹಾಲು ಕುಡಿಯುತ್ತಿರುವಾಗಲೇ ಮತ್ತೆ ಗಬ್ಬವಾಗಬಲ್ಲದು. ಹತ್ತು ಹೆಣ್ಣುಗಳಲ್ಲಿ ಐದಕ್ಕೆ ಮಾತ್ರ ಚಿಕಿತ್ಸೆಯಾದರೆ ಉಳಿದ ಐದರ ಮರಿಗಳಿಗೆ ಪೈಪೋಟಿ ಕಡಿಮೆಯಾಗಿ, ಹೆಚ್ಚು ಮರಿಗಳು ಬದುಕುತ್ತವೆ. ಆದ್ದರಿಂದ ಹತ್ತು ಓಣಿಗಳಲ್ಲಿ ಎರಡೆರಡು ಬೆಕ್ಕು ಹಿಡಿಯುವುದಕ್ಕಿಂತ ಒಂದು ಓಣಿಯ ಎಲ್ಲ ಹೆಣ್ಣುಗಳನ್ನೂ ಹಿಡಿದು ಮುಗಿಸುವುದು ಮೇಲು.

ಮೊದಲ ಕೆಲಸ ಎಣಿಕೆ. ಒಂದು ವಾರ ನಸುಕಿನಲ್ಲೂ ಸಂಜೆಯಲ್ಲೂ ನೋಡಿ, ಪ್ರತಿ ಬೆಕ್ಕಿನ ಫೋಟೊ ತೆಗೆದು ಪಟ್ಟಿ ಮಾಡಿ. ಮೂರು ಬಣ್ಣದ ಬೆಕ್ಕು ಬಹುತೇಕ ಹೆಣ್ಣೇ. ಕೇಸರಿ ಬಣ್ಣದವುಗಳಲ್ಲಿ ಗಂಡು ಹೆಚ್ಚು. ಗಬ್ಬವಾಗಿದೆಯೇ, ಹಾಲೂಡುತ್ತಿದೆಯೇ ಎಂದು ತಿಳಿಯಲು ಹೊಟ್ಟೆ ಇಳಿದಿದೆಯೇ, ಮೊಲೆಯ ಸುತ್ತ ಕೂದಲು ಉದುರಿದೆಯೇ ಗಮನಿಸಿ. ಯಾರು, ಎಲ್ಲಿ, ಎಷ್ಟು ಹೊತ್ತಿಗೆ ಊಟ ಹಾಕುತ್ತಾರೆ ಎಂಬುದನ್ನೂ ಬರೆದುಕೊಳ್ಳಿ. ಊಟ ಹಾಕುವ ಅಜ್ಜಿಯೋ ವಾಚ್‌ಮನ್ನೋ ನಿಮ್ಮ ಜೊತೆಗಿಲ್ಲದಿದ್ದರೆ ಈ ಕೆಲಸ ನಡೆಯುವುದಿಲ್ಲ. ಅವರನ್ನು ಗದರಿಸುವ ಸಂಘಗಳು ತಮ್ಮ ಕೆಲಸವನ್ನೇ ಕೆಡಿಸಿಕೊಳ್ಳುತ್ತವೆ.

ಬೋನು ಇಡುವ ಮೊದಲು ಆಸ್ಪತ್ರೆಯಲ್ಲಿ ದಿನ ಗೊತ್ತುಮಾಡಿ. ಊಟವನ್ನು ಒಂದೇ ಜಾಗ, ಒಂದೇ ಹೊತ್ತಿಗೆ ತನ್ನಿ; ಅರ್ಧ ಗಂಟೆಯಲ್ಲಿ ಉಳಿದದ್ದನ್ನು ತೆಗೆದುಬಿಡಿ. ನಾಲ್ಕೈದು ದಿನ ಬೋನಿನ ಬಾಗಿಲನ್ನು ತಂತಿಯಿಂದ ತೆರೆದೇ ಕಟ್ಟಿ ಒಳಗೇ ಊಟ ಇಡಿ. ಹಿಡಿಯುವ ಹಿಂದಿನ ದಿನ ನೀರು ಬಿಟ್ಟು ಬೇರೇನೂ ಕೊಡಬೇಡಿ. ಎರಡನೇ ಮಹಡಿಯಿಂದ ಯಾರೋ ಕನಿಕರದಿಂದ ಮೊಸರನ್ನ ಹಾಕಿದರೆ ಅಂದಿನ ಕೆಲಸ ಮುಗಿದಂತೆ. ಹೊಟ್ಟೆ ತುಂಬಿದ ಬೆಕ್ಕು ಬೋನಿಗೆ ಬರುವುದಿಲ್ಲ. ಹುರಿದ ಬಂಗುಡೆ ಅಥವಾ ಬೂತಾಯಿಯ ವಾಸನೆ ದೂರದವರೆಗೆ ಹೋಗುತ್ತದೆ. ಮೀನನ್ನು ತುಳಿಪಟ್ಟಿಯ (ಬೆಕ್ಕು ತುಳಿದರೆ ಬಾಗಿಲು ಬೀಳಿಸುವ ಪಟ್ಟಿ) ಆಚೆ, ಬೋನಿನ ಹಿಂತುದಿಯಲ್ಲಿ ಇಡಿ. ತಳಕ್ಕೆ ನ್ಯೂಸ್‌ಪೇಪರ್ ಹಾಸಿ. ಬಾಗಿಲು ಬಿದ್ದ ಕೂಡಲೇ ಇಡೀ ಬೋನಿಗೆ ದಪ್ಪ ಬಟ್ಟೆ ಮುಚ್ಚಿ: ಕತ್ತಲಾದರೆ ಬೆಕ್ಕು ಸುಮ್ಮನಾಗುತ್ತದೆ, ಇಲ್ಲದಿದ್ದರೆ ಸರಳಿಗೆ ಮೂಗು ತಿಕ್ಕಿ ಗಾಯ ಮಾಡಿಕೊಳ್ಳುತ್ತದೆ. ಬೋನನ್ನು ಬಿಸಿಲಿನಲ್ಲಿ ಇಡಬೇಡಿ, ಕಾವಲಿಲ್ಲದೆ ಬಿಟ್ಟು ಹೋಗಬೇಡಿ, ಕಾಡುತನದ ಬೆಕ್ಕನ್ನು ಕೈಯಲ್ಲಿ ಹಿಡಿಯಬೇಡಿ. ಕಚ್ಚಿದರೆ ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅಂದೇ ವೈದ್ಯರ ಬಳಿ ಹೋಗಬೇಕು.

ಎಲ್ಲ ಕಡೆಯೂ ಒಂದು ಹಳೆಯ ಹೆಣ್ಣು ಬೋನಿಗೆ ಬೀಳದೆ ಉಳಿಯುತ್ತದೆ. ಜನ ಕೈಬಿಡುವುದು ಇಲ್ಲೇ, ಮುಂದಿನ ವರ್ಷದ ಮರಿಗಳೆಲ್ಲ ಬರುವುದೂ ಇದರಿಂದಲೇ. ಇಂಥದಕ್ಕೆ ತುಳಿಪಟ್ಟಿಯ ಬೋನು ಬಿಟ್ಟು, ಕೋಲಿನ ಆಸರೆಯಲ್ಲಿ ನಿಲ್ಲಿಸಿದ, ಬಲೆ ಬಿಗಿದ ಅಗಲವಾದ ಚೌಕಟ್ಟು ಬಳಸಿ. ಬೆಕ್ಕು ಪೂರ್ತಿ ಒಳಗೆ ಬಂದು ತಲೆ ತಗ್ಗಿಸಿ ತಿನ್ನುವಾಗ ದೂರದಿಂದ ಹಗ್ಗ ಎಳೆಯಬೇಕು. ಬೇಕಾದ ಬೆಕ್ಕನ್ನೇ ಆರಿಸಿ ಹಿಡಿಯಲೂ ಇದು ಅನುಕೂಲ.

ಚಿಕಿತ್ಸೆಯಾಗಿದೆ ಎಂಬ ಗುರುತಿಗೆ, ಶಸ್ತ್ರಚಿಕಿತ್ಸೆಯ ಹೊತ್ತಿಗೇ ಎಡಗಿವಿಯ ತುದಿಯನ್ನು ಸುಮಾರು 1 ಸೆಂಟಿಮೀಟರ್ ನೇರವಾಗಿ ಕತ್ತರಿಸಿಸಿ. ಅರಿವಳಿಕೆಯಲ್ಲಿ ಇರುವುದರಿಂದ ಆಗ ನೋವು ತಿಳಿಯುವುದಿಲ್ಲ, ಮತ್ತೆ ಅದೇ ಬೆಕ್ಕಿನ ಹೊಟ್ಟೆ ಕೊಯ್ಯುವ ಅಪಾಯವೂ ತಪ್ಪುತ್ತದೆ. ಒಳಗೇ ಕರಗುವ ಹೊಲಿಗೆ ಹಾಕುವಂತೆ ವೈದ್ಯರಿಗೆ ಮೊದಲೇ ಹೇಳಿ. ಹೊಲಿಗೆ ಬಿಚ್ಚಲು ಈ ಬೆಕ್ಕು ಮತ್ತೆ ಸಿಗುವುದಿಲ್ಲ. ಹಾಲೂಡುವ ತಾಯಿಗೆ ಪಕ್ಕೆಯಿಂದ ಕೊಯ್ದರೆ ಒಳ್ಳೆಯದು, ಗಾಯ ಮೊಲೆಗಳಿಂದ ದೂರ ಇರುತ್ತದೆ. ಕಣ್ಣು ಬಿಡದ ಮರಿಗಳ ತಾಯಿಯನ್ನು ಆದಷ್ಟು ಮರಿಗಳ ಜೊತೆಗೇ ಹಿಡಿಯಬೇಕು. ಎಚ್ಚರವಾಗುವಾಗ ಮೈ ತಣ್ಣಗಾಗದಂತೆ ನೋಡಿಕೊಳ್ಳಿ, ಪೂರ್ತಿ ಎಚ್ಚರವಾಗುವವರೆಗೆ ನೀರೂ ಬೇಡ. ಗಂಡನ್ನು ಸಾಮಾನ್ಯವಾಗಿ ಮರುದಿನ ಬಿಡಬಹುದು. ಹೆಣ್ಣನ್ನು ಎರಡು ಮೂರು ದಿನ ಇಟ್ಟು, ಗಾಯ ಒಣಗಿದೆ, ತಿನ್ನುತ್ತಿದೆ ಎಂದು ಖಚಿತಪಡಿಸಿಕೊಂಡು ಬಿಡಿ. ಚಿಕಿತ್ಸೆಯಾದ ಗಂಡಿನ ವೀರ್ಯದಲ್ಲಿ ಕೆಲವು ವಾರ ಜೀವಕಣಗಳು ಉಳಿದಿರುತ್ತವೆ. ಕೂಡಲೇ ಫಲ ಕಾಣದಿದ್ದರೆ ಚಿಕಿತ್ಸೆ ಸೋತಿತೆಂದು ತಿಳಿಯಬೇಡಿ.

ನೋವಿಗೆಂದು ಮನೆಯ ಪ್ಯಾರಾಸಿಟಮಾಲ್ ಕೊಡುವವರಿದ್ದಾರೆ. ಬೆಕ್ಕಿಗೆ ಅದು ವಿಷ, ಒಂದು ಮಾತ್ರೆಯೇ ಕೊಲ್ಲಬಲ್ಲದು. ನಾಯಿಯ ಉಣ್ಣೆಗೆ ಹಚ್ಚುವ ಪರ್ಮೆಥ್ರಿನ್ ಇರುವ ಔಷಧವೂ ಹಾಗೆಯೇ. ಬೋನನ್ನು ಫಿನೈಲ್‌ನಿಂದ ತೊಳೆಯಬೇಡಿ. ಸೋಪಿನಿಂದ ತೊಳೆದು, ಲೀಟರ್ ನೀರಿಗೆ ಸುಮಾರು 30 ಮಿಲಿ ಬ್ಲೀಚ್ ಬೆರೆಸಿ ಹತ್ತು ನಿಮಿಷ ಬಿಟ್ಟು, ಚೆನ್ನಾಗಿ ಜಾಲಿಸಿ ಒಣಗಿಸಿ. ಮರಿಗಳನ್ನು ಸಾಲಾಗಿ ಕೊಲ್ಲುವ ಪ್ಯಾನ್‌ಲ್ಯುಕೊಪೀನಿಯಾ ವೈರಸ್ ನೆಲದಲ್ಲಿ, ಬಟ್ಟೆಯಲ್ಲಿ ತಿಂಗಳುಗಟ್ಟಲೆ ಬದುಕಿರುತ್ತದೆ. ತೊಳೆಯದ ಬೋನೊಂದು ಅದನ್ನು ಓಣಿಯಿಂದ ಓಣಿಗೆ ಒಯ್ಯುತ್ತದೆ.

ಅಮೆರಿಕದ ಸೆಂಟ್ರಲ್ ಫ್ಲಾರಿಡಾ ವಿಶ್ವವಿದ್ಯಾಲಯದ ಆವರಣದಲ್ಲಿ 1991ರಿಂದ ಹೀಗೆ ನಡೆದ ಕೆಲಸದ ದಾಖಲೆ ಇದೆ. ಅಲ್ಲಿ 1996ರಲ್ಲಿ 68 ಬೆಕ್ಕುಗಳಿದ್ದವು, 2002ರಲ್ಲಿ ಉಳಿದದ್ದು 23. ದಾಖಲಾದ 155ರಲ್ಲಿ ಹತ್ತಿರಹತ್ತಿರ ಅರ್ಧದಷ್ಟು ಮನೆಗಳಿಗೆ ದತ್ತು ಹೋಗಿದ್ದವು. ಬರೀ ಶಸ್ತ್ರಚಿಕಿತ್ಸೆಯಿಂದ ಇಷ್ಟು ಇಳಿಕೆ ಬೇಗ ಕಾಣುವುದು ಕಷ್ಟ. ಹಾಗಾಗಿ ಎಂಟು ವಾರದೊಳಗಿನ ಮರಿ ಸಿಕ್ಕರೆ ಮನುಷ್ಯರ ಕೈಗೆ ಪಳಗಿಸಿ ಮನೆ ಹುಡುಕಿ. ಆಮೇಲೆ ಪಳಗುವುದು ನಿಧಾನ.

ಎಲ್ಲ ಮುಗಿದ ಮೇಲೂ ಪಟ್ಟಿಯನ್ನು ಬಿಸಾಡಬೇಡಿ. ಊಟದ ಹೊತ್ತಿಗೆ ತುದಿ ಕತ್ತರಿಸದ ಕಿವಿಯ ಬೆಕ್ಕು ಕಂಡರೆ ಅದು ಹೊಸದು, ಇಲ್ಲವೇ ಯಾರೋ ಬಿಟ್ಟು ಹೋದದ್ದು. ಅದನ್ನು ಆ ತಿಂಗಳೇ ಹಿಡಿಯಿರಿ.