ಸೂಜಿಗೆ ಪವರ್ ಜಾಸ್ತಿಯೇ?

"ಮಾತ್ರೆ ಬೇಡ ಡಾಕ್ಟ್ರೇ, ಒಂದು ಇಂಜೆಕ್ಷನ್ ಹಾಕಿಬಿಡಿ." ಸೂಜಿಗೆ ಪವರ್ ಜಾಸ್ತಿ ಎಂಬ ನಂಬಿಕೆ ನಮ್ಮಲ್ಲಿ ಎಷ್ಟು ಗಟ್ಟಿ ಎಂದರೆ, ವೈರಸ್ ಜ್ವರಕ್ಕೂ ಸೆಫ್ಟ್ರಿಯಾಕ್ಸೋನ್ ಎಂಬ ಆಂಟಿಬಯಾಟಿಕ್ ಸೂಜಿ ಹಾಕಿಸಿಕೊಂಡು ನೆಮ್ಮದಿಯಾಗುವವರಿದ್ದಾರೆ. ಅದು ಸೇರಿದ ಸೆಫಲೋಸ್ಪೊರಿನ್ ಕುಟುಂಬದ ಮದ್ದುಗಳು ಕೆಡಿಸುವುದು ಬ್ಯಾಕ್ಟೀರಿಯಾದ ಕೋಶಭಿತ್ತಿಯನ್ನು. ವೈರಸ್ಸಿಗೆ ಅದು ಇಲ್ಲವೇ ಇಲ್ಲ, ಮದ್ದು ಯಾವ ದಾರಿಯಲ್ಲಿ ಹೋದರೇನು!

1945ರಲ್ಲಿ ಇಟಲಿಯ ಸಾರ್ಡೀನಿಯಾ ದ್ವೀಪದಲ್ಲಿ ಜುಸೆಪ್ಪೆ ಬ್ರೋಟ್ಸು ಎಂಬ ವಿಜ್ಞಾನಿ, ಚರಂಡಿ ನೀರು ಸಮುದ್ರ ಸೇರುವಲ್ಲಿ ಹೆಕ್ಕಿದ ಶಿಲೀಂಧ್ರವೇ ಈ ಮದ್ದುಗಳ ಮೂಲ. 1964ರಲ್ಲಿ ಮಾರುಕಟ್ಟೆಗೆ ಬಂದ ಸೆಫಲೋಥಿನ್ ಬರೀ ಸೂಜಿಮದ್ದು, ನುಂಗಿದರೆ ರಕ್ತಕ್ಕೆ ಹತ್ತುತ್ತಿರಲಿಲ್ಲ. ನುಂಗುವ ಸೆಫಲೆಕ್ಸಿನ್ ಬಂದದ್ದು ಆಮೇಲೆ.

ಅದು ಹೇಗೆ ಹತ್ತಿತು ಅನ್ನುವುದೇ ಸೊಗಸು. ಸಣ್ಣ ಕರುಳಿನ ಗೋಡೆಯಲ್ಲಿ ಪೆಪ್ಟ್-1 ಎಂಬ ಪ್ರೋಟೀನ್ ಇದೆ. ಬೇಳೆ, ಮೊಟ್ಟೆ ಜೀರ್ಣವಾದಾಗ ಸಿಗುವ, ಎರಡು-ಮೂರು ಅಮೈನೋ ಆಮ್ಲಗಳ ತುಣುಕುಗಳನ್ನು ಒಳಗೆ ಸೆಳೆದುಕೊಳ್ಳುವುದು ಅದರ ಕೆಲಸ. ಸೆಫಲೆಕ್ಸಿನ್ ಅಣು ನೋಡಲು ಅಂಥದೇ ಒಂದು ತುಣುಕು. ಶಲ್ಯ ಹೊದ್ದು ಮದುವೆ ಪಂಕ್ತಿಯಲ್ಲಿ ಕೂತ ಅಪರಿಚಿತನನ್ನು ಯಾರೂ ಎಬ್ಬಿಸದ ಹಾಗೆ, ಕರುಳು ಅದನ್ನೂ ಒಳಗೆ ಬಿಟ್ಟುಕೊಳ್ಳುತ್ತದೆ. ನುಂಗಿದ್ದರಲ್ಲಿ ಸುಮಾರು ಶೇ. 90 ರಕ್ತ ಸೇರುತ್ತದೆ. ಅದೇ ಕುಟುಂಬದ ಇನ್ನೊಂದು ನುಂಗುವ ಮದ್ದು ಸೆಫಿಕ್ಸಿಮ್‌ಗೆ ಅಷ್ಟು ಅದೃಷ್ಟವಿಲ್ಲ, ಶೇ. 40ರಿಂದ 50. ಸೆಫ್ಟ್ರಿಯಾಕ್ಸೋನನ್ನು ಕರುಳು ಹೀರಿಕೊಳ್ಳುವುದೇ ಇಲ್ಲ. ಅದಕ್ಕೇ ಆ ಪುಟ್ಟ ವಯಲ್, ತಳದಲ್ಲಿ ತಿಳಿಹಳದಿ ಪುಡಿ, ಕಲಸಲು ಸ್ಟೆರೈಲ್ ವಾಟರ್. ಸ್ನಾಯುವಿಗೆ ಕೊಟ್ಟರೆ ಜೀವ ಹೋಗುವಷ್ಟು ನೋವು, ಹಾಗಾಗಿ ಮರಗಟ್ಟಿಸುವ ಲಿಗ್ನೋಕೇನ್ ಬೆರೆಸುವುದುಂಟು. ಅಂದರೆ ಸೂಜಿ ಇಲ್ಲಿ ಹೆಚ್ಚುಗಾರಿಕೆಯಲ್ಲ, ಬೇರೆ ದಾರಿ ಇಲ್ಲದ್ದಕ್ಕೆ ಬಂದದ್ದು.

ಲೆಕ್ಕ ಕೇಳುವವರಿಗೆ: 1 ಗ್ರಾಂ ಸೆಫ್ಟ್ರಿಯಾಕ್ಸೋನ್ ರಕ್ತನಾಳಕ್ಕೆ ಹೋದರೆ ಪ್ಲಾಸ್ಮಾದ (ರಕ್ತದ ದ್ರವಭಾಗ) ಪ್ರತಿ ಮಿಲಿಲೀಟರಿಗೆ 150 ಮೈಕ್ರೋಗ್ರಾಂ ಆಸುಪಾಸು ಸಿಗುತ್ತದೆ. 400 ಮಿಲಿಗ್ರಾಂ ಸೆಫಿಕ್ಸಿಮ್ ನುಂಗಿದರೆ 4ರ ಹತ್ತಿರ. ಆದರೆ ಸೆಫ್ಟ್ರಿಯಾಕ್ಸೋನಿನ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡಿರುತ್ತದೆ, ಬ್ಯಾಕ್ಟೀರಿಯಾ ಮೇಲೆ ಬೀಳುವುದು ಬಿಡುವಾಗಿ ಉಳಿದದ್ದು ಮಾತ್ರ. ಮೇಲಾಗಿ ಈ ಕುಟುಂಬದ ಮದ್ದುಗಳಲ್ಲಿ ಮಟ್ಟ ಎಷ್ಟು ಎತ್ತರಕ್ಕೇರಿತು ಅನ್ನುವುದಕ್ಕಿಂತ ಬೇಕಾದ ಮಟ್ಟಕ್ಕಿಂತ ಮೇಲೆ ಎಷ್ಟು ಹೊತ್ತು ನಿಂತಿತು ಅನ್ನುವುದು ಮುಖ್ಯ. ಮೆನಿಂಜೈಟಿಸ್ (ಮಿದುಳಿನ ಪೊರೆಯ ಉರಿಯೂತ), ರಕ್ತಕ್ಕೇರಿದ ಸೋಂಕು, ನಿಲ್ಲದ ವಾಂತಿ ಇದ್ದಾಗ ಸೂಜಿಯೇ ಬೇಕು, ಚರ್ಚೆಯೇ ಇಲ್ಲ.

ಇದೇ ಕುಟುಂಬದ ಸೆಫುರಾಕ್ಸಿಮ್ ಸೂಜಿ, ಮಾತ್ರೆ ಎರಡೂ ವೇಷದಲ್ಲಿ ಸಿಗುತ್ತದೆ. ಬರೀ ಸೆಫುರಾಕ್ಸಿಮ್ ಕರುಳಿಗೆ ಹತ್ತದು. ಮಾತ್ರೆಯಲ್ಲಿ ಅದಕ್ಕೊಂದು ಆಕ್ಸೆಟಿಲ್ ಎಂಬ ರಾಸಾಯನಿಕ ಬಾಲ ಕಟ್ಟಿರುತ್ತಾರೆ, ಕರುಳಿನ ಗೋಡೆ ದಾಟುವಾಗ ಅದು ಕಳಚಿ ಬೀಳುತ್ತದೆ. ಆಗಲೂ ಖಾಲಿ ಹೊಟ್ಟೆಯಲ್ಲಿ ಹೀರುವುದು ಶೇ. 37, ಊಟವಾದ ಮೇಲೆ ಶೇ. 52.