ಓಝೋನ್ ಹಾಯಿಸಿದ ಎಣ್ಣೆಯ ವಿಶ್ಲೇಷಣೆ: ಅಯೋಡಿನ್ ವ್ಯಾಲ್ಯೂ, ಪೆರಾಕ್ಸೈಡ್ ವ್ಯಾಲ್ಯೂ ಗೊಂದಲ

ರೂಟ್ ಕೆನಾಲ್ ಮಾಡುವಾಗ ಒಂದು ಭೇಟಿಗೂ ಮುಂದಿನದಕ್ಕೂ ನಡುವೆ ಬೇರಿನ ನಾಳದೊಳಗೆ ಔಷಧ ತುಂಬಿಡುತ್ತಾರೆ, ಸಾಮಾನ್ಯವಾಗಿ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಪೇಸ್ಟ್. ಅದರ ಪಿಎಚ್ 12.5ರ ಆಸುಪಾಸು. ಆದರೂ ಎಂಟರೋಕಾಕಸ್ ಫೀಕ್ಯಾಲಿಸ್ ಅನ್ನೋ ಬ್ಯಾಕ್ಟೀರಿಯಾ ಡೆಂಟಿನ್‌ನ (ಹಲ್ಲಿನ ಒಳಪದರದ) ಸಣ್ಣ ಕೊಳವೆಗಳಲ್ಲಿ ಸೇರಿಕೊಂಡು ಉಳಿದುಬಿಡುತ್ತದೆ. ಓಝೋನ್ ಹಾಯಿಸಿದ ಎಣ್ಣೆಯನ್ನು ಪರೀಕ್ಷಿಸುತ್ತಿರುವುದು ಇದಕ್ಕೇ.

ಎಣ್ಣೆಯಲ್ಲಿ ಓಝೋನ್ ಅನಿಲವಾಗಿ ಕೂತಿರುವುದಿಲ್ಲ. ಅದು ಕೊಬ್ಬಿನಾಮ್ಲದ ದ್ವಿಬಂಧ ಒಡೆಯುತ್ತದೆ, ಒಡೆದ ತುಂಡುಗಳು ಮತ್ತೆ ಕೂಡಿ ಓಝೋನೈಡ್ ಉಂಗುರವಾಗುತ್ತವೆ, ಜೊತೆಗೆ ಆಲ್ಡಿಹೈಡ್, ಪೆರಾಕ್ಸೈಡ್ ಹುಟ್ಟುತ್ತವೆ. ಇದೇ ಕ್ರೀಗೆ ಕ್ರಿಯೆ. ದ್ವಿಬಂಧ ತೀರಾ ಕಡಿಮೆ ಇರುವ ಕೊಬ್ಬರಿ ಎಣ್ಣೆಗಿಂತ ಸೂರ್ಯಕಾಂತಿ, ಆಲಿವ್ ಎಣ್ಣೆ ಇದಕ್ಕೆ ಒಗ್ಗುತ್ತವೆ.

ಈಗ ತಲೆ ಕೆಡಿಸುವ ಭಾಗ. ಎಣ್ಣೆಯಲ್ಲಿ ದ್ವಿಬಂಧ ಎಷ್ಟಿದೆ ಅಂತ ಹೇಳುವುದು ಅಯೋಡಿನ್ ವ್ಯಾಲ್ಯೂ, ಪೆರಾಕ್ಸೈಡ್ ಎಷ್ಟಿದೆ ಅಂತ ಹೇಳುವುದು ಪೆರಾಕ್ಸೈಡ್ ವ್ಯಾಲ್ಯೂ. ಎರಡೂ ಟೈಟ್ರೇಶನ್ (ದ್ರಾವಣವನ್ನು ಹನಿಹನಿಯಾಗಿ ಬಿಟ್ಟು ಅಳೆಯುವುದು), ಎರಡರಲ್ಲೂ ಅಯೋಡಿನ್, ಎರಡರಲ್ಲೂ ಬ್ಯುರೆಟ್ಟಿನಲ್ಲಿ ಸೋಡಿಯಂ ಥಯೋಸಲ್ಫೇಟ್, ಎರಡರಲ್ಲೂ ಕೊನೆಗೆ ಪಿಷ್ಟದ ನೀಲಿ ಮಾಯ. ಸೂತ್ರದಲ್ಲಿ ಮಾತ್ರ ಕಳೆಯುವುದು ಉಲ್ಟಾ. ಯಾಕೆ?

ಅಯೋಡಿನ್ ವ್ಯಾಲ್ಯೂನಲ್ಲಿ ನಾವೇ ಅಯೋಡಿನ್ ಇರುವ ವಿಜ್ಸ್ ದ್ರಾವಣ ಹಾಕುತ್ತೇವೆ. ದ್ವಿಬಂಧಗಳು ಅದನ್ನು ತಿಂದುಹಾಕುತ್ತವೆ, ಮಿಕ್ಕಿದ್ದನ್ನು ಅಳೆಯುತ್ತೇವೆ. ಎಣ್ಣೆಯೇ ಇಲ್ಲದ ಬ್ಲಾಂಕ್‌ನಲ್ಲಿ ಎಲ್ಲವೂ ಮಿಕ್ಕಿರುತ್ತದೆ, ಅಲ್ವಾ? ಹಾಗಾಗಿ ಬ್ಲಾಂಕ್ ದೊಡ್ಡದು: ಬ್ಲಾಂಕ್‌ನಿಂದ ಸ್ಯಾಂಪಲ್ ಕಳೆಯಬೇಕು. 0.2 ಗ್ರಾಂ ಎಣ್ಣೆ, 0.1 ನಾರ್ಮಲ್ ಥಯೋಸಲ್ಫೇಟ್, ಬ್ಲಾಂಕ್ 48 ಮಿಲಿ, ಸ್ಯಾಂಪಲ್ 27 ಮಿಲಿ ಅಂದುಕೊಳ್ಳಿ. 21 × 0.1 × 12.69 ÷ 0.2 = ಸುಮಾರು 133. ತಾಜಾ ಸೂರ್ಯಕಾಂತಿ ಎಣ್ಣೆಗೆ ಸರಿಹೊಂದುವ ಅಂಕಿ. ಓಝೋನ್ ಹಾಯಿಸಿದ ಮೇಲೆ ಸ್ಯಾಂಪಲ್‌ಗೆ 36 ಮಿಲಿ ಬೇಕಾಯಿತು ಅಂದರೆ ವ್ಯಾಲ್ಯೂ ಸುಮಾರು 76ಕ್ಕೆ ಇಳಿದಿದೆ.

ಪೆರಾಕ್ಸೈಡ್ ವ್ಯಾಲ್ಯೂನಲ್ಲಿ ನಾವು ಹಾಕುವುದು ಪೊಟ್ಯಾಸಿಯಂ ಅಯೋಡೈಡ್. ಅದರಿಂದ ಅಯೋಡಿನ್ ಹೊರಡಿಸುವುದು ಎಣ್ಣೆಯೇ. ಬ್ಲಾಂಕ್‌ನಲ್ಲಿ ಹೊರಡಿಸುವವರೇ ಇಲ್ಲ, ಅದು ಸೊನ್ನೆಗೆ ಹತ್ತಿರ. ಇಲ್ಲಿ ಸ್ಯಾಂಪಲ್‌ನಿಂದ ಬ್ಲಾಂಕ್ ಕಳೆಯಿರಿ. 0.5 ಗ್ರಾಂ ಎಣ್ಣೆ, 0.01 ನಾರ್ಮಲ್, 20.3 ಮಿಲಿ, ಬ್ಲಾಂಕ್ 0.3: 20 × 0.01 × 1000 ÷ 0.5, ಅಂದರೆ ಕೆಜಿಗೆ 400 ಮಿಲಿ ಈಕ್ವಿವಲೆಂಟ್.

ಸೂತ್ರ ಬಾಯಿಪಾಠ ಬೇಡ. ‘ಅಯೋಡಿನ್ ತಂದವರು ಯಾರು?’ ಅಂತ ಕೇಳಿಕೊಳ್ಳಿ. ನಾವು ತಂದಿದ್ದರೆ ಬ್ಲಾಂಕ್ ಮೊದಲು, ಎಣ್ಣೆ ತಂದಿದ್ದರೆ ಸ್ಯಾಂಪಲ್ ಮೊದಲು.

ಇನ್ನೊಂದು ಮಾತು. ಅಡುಗೆ ಎಣ್ಣೆಗೆ ಬಳಸುವ ವಿಧಾನದಲ್ಲಿ ಅಯೋಡೈಡ್ ಹಾಕಿ ಒಂದೇ ನಿಮಿಷ ಕಾಯುತ್ತಾರೆ. ಎಣ್ಣೆ ಹಳಸಿದಾಗ ಹುಟ್ಟುವ ಹೈಡ್ರೋಪೆರಾಕ್ಸೈಡ್‌ಗೆ ಅಷ್ಟು ಸಾಕು, ಓಝೋನೈಡ್ ಮಾತ್ರ ನಿಧಾನ. ಅವಸರ ಮಾಡಿದರೆ ಅಂಕಿ ಕಡಿಮೆ ಬರುತ್ತದೆ. ಅದಕ್ಕೇ ಓಝೋನ್ ಎಣ್ಣೆಗೆ ಬಿಸಿ ಮಾಡುವ ಅಥವಾ ಗಂಟೆಗಟ್ಟಲೆ ಕತ್ತಲಲ್ಲಿ ಇಡುವ ವಿಧಾನಗಳಿವೆ. ಎಷ್ಟು ಹೊತ್ತು ಇಟ್ಟರು ಅಂತ ಬರೆಯದ ಪೆರಾಕ್ಸೈಡ್ ವ್ಯಾಲ್ಯೂಗಳನ್ನು ಸುಮ್ನೆ ಹೋಲಿಸಬೇಡಿ.

ಈ ಬದಲಾವಣೆ ಎನ್‌ಎಂಆರ್‌ನಲ್ಲೂ (ಕಾಂತಕ್ಷೇತ್ರ ಬಳಸಿ ಅಣುವಿನ ರಚನೆ ಗುರುತಿಸುವ ಪರೀಕ್ಷೆ) ಕಾಣುತ್ತದೆ: 5.3 ಪಿಪಿಎಂ ಹತ್ತಿರದ ದ್ವಿಬಂಧದ ಗುರುತು ಕುಗ್ಗಿ, 5.1 ಹತ್ತಿರ ಓಝೋನೈಡ್, 9.7 ಹತ್ತಿರ ಆಲ್ಡಿಹೈಡ್ ಏಳುತ್ತವೆ.

ಓಝೋನ್ ಹಾಯಿಸಿದ ಮೇಲೆ ಆಸಿಡ್ ವ್ಯಾಲ್ಯೂ, ಅಂದರೆ ಎಣ್ಣೆಯಲ್ಲಿರುವ ಬಿಡಿ ಆಮ್ಲದ ಅಳತೆ ಕೂಡ ಏರುತ್ತದೆ. ದಂತವೈದ್ಯರಿಗೆ ಇದು ಮುಖ್ಯ, ಯಾಕಂದ್ರೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಜೊತೆ ಕಲಸಿದರೆ ಆ ಆಮ್ಲ ಕ್ಯಾಲ್ಸಿಯಂ ಸೋಪಾಗುತ್ತದೆ. ಬರೀ ಎಣ್ಣೆಯ ಅಂಕಿ ಹಿಡಿದು ಪೇಸ್ಟ್ ಬಗ್ಗೆ ಹೇಳೋಕಾಗಲ್ಲ. ಕಲಸಿದ ಮೇಲೆ ಪಿಎಚ್, ಪೆರಾಕ್ಸೈಡ್ ಎರಡನ್ನೂ ಮತ್ತೆ ಅಳೆಯಬೇಕು.