ಟಾರ್ಮಿಗನ್ ಹಕ್ಕಿಗೆ ಆ ‘ಪಿ’ ಅಂಟಿಸಿದ್ದು ಯಾರು?

ಅನುವಾದದ ಪ್ರತಿಗಳನ್ನು ತಿದ್ದುವುದು ನನ್ನ ಕೆಲಸ. ಇದರಲ್ಲಿ ನನಗೆ ಸಿಟ್ಟು ಬರಿಸುವ ಮಾತು ಒಂದೇ: ‘ಸ್ಪೆಲ್ಲಿಂಗ್ ನೋಡಿದ್ರೇ ಗೊತ್ತಾಗುತ್ತಲ್ಲ ಮೇಡಂ, ಇದು ಗ್ರೀಕ್ ಪದ.’ ಹೇಳುವವರು ದಡ್ಡರಲ್ಲ. ಓದಿಕೊಂಡವರೇ ಇದನ್ನು ಜಾಸ್ತಿ ಹೇಳುತ್ತಾರೆ. ಮೊನ್ನೆ ಒಬ್ಬ ಹುಡುಗ ತಂದ ಪ್ರತಿಯಲ್ಲಿ ಟಾರ್ಮಿಗನ್ (ptarmigan) ಎಂಬ ಹಕ್ಕಿಯ ಹೆಸರು ‘ಪ್ಟಾರ್ಮಿಗನ್’ ಎಂದಿತ್ತು. ಇಂಗ್ಲಿಷಿನಲ್ಲಿ ಆ ಪಿ ಬರೆಯುತ್ತಾರೆ, ಉಚ್ಚರಿಸುವುದಿಲ್ಲ. ಕೆಳಗೆ ಒಂದು ಟಿಪ್ಪಣಿ ಬೇರೆ: ಗ್ರೀಕಿನ ‘ಪ್ಟೆರೋನ್’, ಅಂದರೆ ರೆಕ್ಕೆ, ಅದರಿಂದ ಬಂದದ್ದು ಅಂತ. ಹಕ್ಕಿಗೆ ರೆಕ್ಕೆ ಇದೆ, ಪದದ ಶುರುವಿನಲ್ಲಿ ಪಿ ಮತ್ತು ಟಿ ಇವೆ, ಇನ್ನೇನು ಬೇಕು? ನೋಡಲು ಎಷ್ಟು ಚೆನ್ನಾಗಿ ಹೊಂದುತ್ತದೆ ಅಲ್ವಾ? ಆದರೆ ಅದು ತಪ್ಪು.

ಇದು ಕೋಳಿಯನ್ನು ಹೋಲುವ ಗ್ರೌಸ್ ಗುಂಪಿನ ಹಕ್ಕಿ. ಚಳಿ ಪ್ರದೇಶಗಳ ಬೆಟ್ಟಗಳಲ್ಲಿ, ಬಯಲುಗಳಲ್ಲಿ ಇರುತ್ತದೆ. ಬೇಸಿಗೆಯಲ್ಲಿ ಕಲ್ಲುಬಂಡೆಯ ನಡುವೆ ಕಾಣದಂತೆ ಕಂದು-ಬೂದು ಮೈ, ಚಳಿಗಾಲದಲ್ಲಿ ಹಿಮದಂತೆ ಬಿಳಿ. ಕಾಲ್ಬೆರಳುಗಳವರೆಗೂ ಪುಕ್ಕ ಇರುವುದರಿಂದ ವಿಜ್ಞಾನಿಗಳು ಇದರ ಕುಲಕ್ಕೆ ‘ಲಗೋಪಸ್’ ಎಂದು ಹೆಸರಿಟ್ಟರು. ಮೊಲದ ಪಾದ ಅಂತ ಅರ್ಥ. ಈ ಹೆಸರು ನಿಜಕ್ಕೂ ಗ್ರೀಕ್ ಮೂಲದ್ದು. ಇದರ ಜೊತೆಗಿರುವುದರಿಂದಲೇ ಟಾರ್ಮಿಗನ್ ಕೂಡ ಗ್ರೀಕ್ ಎಂಬ ಭ್ರಮೆ ಇನ್ನಷ್ಟು ಗಟ್ಟಿಯಾಗುತ್ತದೋ ಏನೋ.

ಪದ ಬಂದದ್ದು ಸ್ಕಾಟ್ಲೆಂಡಿನ ಗೇಲಿಕ್ ಭಾಷೆಯಿಂದ. ಅಲ್ಲಿ ಈ ಹಕ್ಕಿಯ ಹೆಸರು ‘ಟಾರ್ಮಖನ್’. ಅದರಲ್ಲಿ ಪಿ ಇಲ್ಲ. 16ನೇ ಶತಮಾನದ ಕೊನೆಯ ಹೊತ್ತಿಗೆ ಇಂಗ್ಲಿಷ್ ಬರಹಕ್ಕೆ ಬಂದಾಗಲೂ ಪಿ ಇರಲಿಲ್ಲ, ಟಿ ಇಂದಲೇ ಶುರು. 1684ರಲ್ಲಿ ಸ್ಕಾಟ್ಲೆಂಡಿನ ವೈದ್ಯ, ನಿಸರ್ಗ ವಿಜ್ಞಾನಿ ರಾಬರ್ಟ್ ಸಿಬಾಲ್ಡ್ ತಮ್ಮ ‘ಸ್ಕೋಟಿಯಾ ಇಲಸ್ಟ್ರಾಟಾ’ ಪುಸ್ತಕದಲ್ಲಿ ಪಿ ಸೇರಿಸಿ ಬರೆದರು. ಗ್ರೀಕಿನ ರೆಕ್ಕೆ ಪದ ಅವರ ತಲೆಯಲ್ಲಿ ಇದ್ದಿರಬೇಕು ಎನ್ನುವುದು ನಿಘಂಟುಗಳ ವಿವರಣೆ. ಅಂದರೆ ನಮ್ಮ ಹುಡುಗ ಮಾಡಿದ ಊಹೆಯನ್ನೇ ಮುನ್ನೂರು ವರ್ಷಕ್ಕೂ ಹಿಂದೆ ದೊಡ್ಡ ಪಂಡಿತರೊಬ್ಬರು ಮಾಡಿದ್ದರು, ಆ ಊಹೆಯೇ ಸ್ಪೆಲ್ಲಿಂಗ್ ಆಗಿ ಕೂತಿತು, ಈಗ ಅದೇ ಸ್ಪೆಲ್ಲಿಂಗನ್ನು ತೋರಿಸಿ ಹುಡುಗ ನನಗೆ ಸಾಕ್ಷಿ ಕೊಡುತ್ತಿದ್ದಾನೆ.

ಇದನ್ನೇ ನಾನು ಮತ್ತೆ ಮತ್ತೆ ಹೇಳುವುದು. ಸ್ಪೆಲ್ಲಿಂಗ್ ಅನ್ನುವುದು ಪದದ ಜನ್ಮಪತ್ರ ಅಲ್ಲ. ಅದನ್ನು ಯಾರೋ, ಯಾವಾಗಲೋ, ಯಾವುದೋ ನಂಬಿಕೆಯಿಂದ ಬರೆದಿರುತ್ತಾರೆ. ಪದ ಎಲ್ಲಿಂದ ಬಂತು ಅಂತ ತಿಳಿಯಬೇಕಾದರೆ ಈಗಿನ ರೂಪ ನೋಡಿ ಪ್ರಯೋಜನವಿಲ್ಲ, ಹಳೆಯ ರೂಪಗಳನ್ನು ಒಂದೊಂದಾಗಿ ನೋಡಬೇಕು. ಅಕ್ಷರ ಮೊದಲಿನಿಂದ ಇತ್ತಾ, ನಡುವೆ ಬಂದು ಸೇರಿತಾ? ಪ್ರಶ್ನೆ ಇಷ್ಟೇ.

ಹಾಗಂತ ಉಚ್ಚಾರವಾಗದ ಅಕ್ಷರಗಳೆಲ್ಲ ಸುಳ್ಳು ಎಂದು ಇನ್ನೊಂದು ತುದಿಗೆ ಓಡಬೇಡಿ. ‘ನೈಫ್’ ಪದದ ಕೆ ಒಂದು ಕಾಲದಲ್ಲಿ ಬಾಯಲ್ಲೂ ಇತ್ತು. ‘ಐಲೆಂಡ್’ ಪದದ ಎಸ್ ಹಾಗಲ್ಲ. ಅದು ಹಳೆಯ ಇಂಗ್ಲಿಷಿನದೇ ಪದ, ಎಸ್ ಇರಲೇ ಇಲ್ಲ. ಫ್ರೆಂಚಿನಿಂದ ಬಂದ ‘ಐಲ್’ (isle, ದ್ವೀಪ) ಪದದ ಸಂಬಂಧಿ ಅಂದುಕೊಂಡು ಸೇರಿಸಿದರು. ‘ಡೆಟ್’ (debt, ಸಾಲ) ಪದದ ಬಿ ಎರಡರ ನಡುವೆ ಎಲ್ಲೋ ನಿಲ್ಲುತ್ತದೆ. ಫ್ರೆಂಚಿನಿಂದ ಬಂದಾಗ ಬಿ ಇರಲಿಲ್ಲ, ಆದರೆ ಅದರ ಮೂಲವಾದ ಲ್ಯಾಟಿನ್ ‘ಡೆಬಿಟುಮ್’ನಲ್ಲಿ ಇದೆ. ಹೀಗೆ ಒಂದೊಂದು ಪದದ್ದು ಒಂದೊಂದು ಕತೆ. ‘ಹೆಲಿಕಾಪ್ಟರ್’ ನೋಡಿ. ಅದನ್ನು ಒಡೆದರೆ ‘ಹೆಲಿಕೋ’, ‘ಪ್ಟೆರ್’ ಅಂತ ಬರುತ್ತದೆ. ನಿಜವಾದ ಗ್ರೀಕ್ ರೆಕ್ಕೆ ಅಲ್ಲಿದೆ, ಪಿ ಕೂಡ ಬಾಯಿತುಂಬ ಕೇಳಿಸುತ್ತದೆ, ಆದರೆ ಅದನ್ನು ಯಾರೂ ಗಮನಿಸುವುದೇ ಇಲ್ಲ.

ಅಲಾಸ್ಕಾದಲ್ಲಿ ‘ಚಿಕನ್’ ಅಂತ ಒಂದು ಊರಿದೆ. ಚಿನ್ನ ಹುಡುಕಿ ಬಂದವರು ಅಲ್ಲಿ ಹೇರಳವಾಗಿದ್ದ ಟಾರ್ಮಿಗನ್ ಹೆಸರನ್ನೇ ಊರಿಗೆ ಇಡಲು ಹೊರಟರಂತೆ, ಸ್ಪೆಲ್ಲಿಂಗ್ ಬಗ್ಗೆ ಒಮ್ಮತಕ್ಕೆ ಬರಲಾಗದೆ ಕೊನೆಗೆ ಚಿಕನ್ ಎಂದೇ ಇಟ್ಟರಂತೆ. ನನಗೆ ತುಂಬಾ ಇಷ್ಟವಾದ ಕತೆ ಇದು. ಆದರೆ ಬಾಯಿಂದ ಬಾಯಿಗೆ ಬಂದ ಕತೆ. ನನ್ನ ಮೇಜಿಗೆ ಬರುವ ಪ್ರತಿಯಲ್ಲಿ ಇದು ಇದ್ದರೆ, ಆ ‘ಅಂತೆ’ಯನ್ನು ತೆಗೆಯಲು ನಾನು ಬಿಡುವುದಿಲ್ಲ.

ಇನ್ನು ಬರೆಯುವ ವಿಚಾರ. ಕನ್ನಡದಲ್ಲಿ ‘ಟಾರ್ಮಿಗನ್’ ಎಂದು ಬರೆದರೆ ಸಾಕು. ಪಿ ಇಂಗ್ಲಿಷಿನಲ್ಲೇ ಬಾಯಿಗೆ ಬರುವುದಿಲ್ಲ, ನಾವು ಯಾಕೆ ಒತ್ತಕ್ಷರ ಹಾಕಿ ಕಷ್ಟಪಡಬೇಕು? ಇಂಗ್ಲಿಷಿನಲ್ಲಿ ಬರೆಯುವಾಗ ಮಾತ್ರ ಪಿ ಬಿಡಬೇಡಿ. ತಪ್ಪು ಊಹೆಯಿಂದ ಬಂದಿದ್ದರೂ ಈಗ ಅದೇ ಸರಿಯಾದ ಸ್ಪೆಲ್ಲಿಂಗ್. ಇತಿಹಾಸ ಗೊತ್ತು ಅಂತ ಅದನ್ನು ಕಿತ್ತು ಹಾಕಿದ ಪ್ರತಿಯೂ ನನ್ನ ಬಳಿಗೆ ಬಂದಿದೆ. ಅದನ್ನೂ ತಿದ್ದಿಯೇ ಕಳಿಸಿದೆ.